ಬಾಟಲಿಯ ಕಣ, ಕಡಲೆಕಾಯಿಯ ಬೇರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಗೊಬ್ಬರದಂಗಡಿಗಳಲ್ಲಿ ಅರ್ಧ ಲೀಟರಿನ ಬಾಟಲಿಗಳು ಬಂದು ನಿಂತು ಕೆಲವು ವರ್ಷಗಳಾದವು. ಮೊದಲು ಬಂದದ್ದು ನ್ಯಾನೊ ಯೂರಿಯಾ. ಅದರ ಬೆನ್ನಿಗೇ, 2023ರಲ್ಲಿ, ನ್ಯಾನೊ ಡಿಎಪಿ ಬಂದಿತು. 2024ರಲ್ಲಿ ನ್ಯಾನೊ ಸತು ಮತ್ತು ನ್ಯಾನೊ ತಾಮ್ರಗಳಿಗೂ ಕೇಂದ್ರ ಸರ್ಕಾರವು ರಸಗೊಬ್ಬರ ನಿಯಂತ್ರಣ ಆದೇಶದಡಿ ಮಾನ್ಯತೆ ನೀಡಿತು. ಈ ಎಲ್ಲ ಬಾಟಲಿಗಳ ಮೇಲೂ ಕಾಣುವ ಪದ ಒಂದೇ, ನ್ಯಾನೊ. ಆ ಪದದ ಅರ್ಥವನ್ನು ಕೊಳ್ಳುವವರಿಗೆ ಯಾರೂ ವಿವರಿಸಿಲ್ಲ. ಮಾರುವವರಿಗೂ ಯಾರಾದರೂ ವಿವರಿಸಿದಂತೆ ತೋರುವುದಿಲ್ಲ.

2025ರ ಮುಂಗಾರಿನಲ್ಲಿ ರಾಜ್ಯದಲ್ಲಿ ಯೂರಿಯಾ ಅಭಾವ ತಲೆದೋರಿದಾಗ ರೈತರು ಮೂಟೆಗಾಗಿ ಸಾಲುಗಟ್ಟಿ ನಿಂತದ್ದು ಎಲ್ಲರಿಗೂ ನೆನಪಿದೆ. ಮೂಟೆ ಬೇಕಾದರೆ ಬಾಟಲಿಯನ್ನೂ ಕೊಳ್ಳಬೇಕೆಂಬ ಅಲಿಖಿತ ನಿಯಮವೊಂದು ದೇಶದ ಹಲವೆಡೆ ನಡೆದುಬಂದಿತ್ತು. ಅದೇ ವರ್ಷದ ಜುಲೈಯಲ್ಲಿ ಕೇಂದ್ರ ಕೃಷಿ ಸಚಿವರೇ ಎಲ್ಲ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಸಬ್ಸಿಡಿ ಗೊಬ್ಬರದೊಡನೆ ನ್ಯಾನೊ ಗೊಬ್ಬರವನ್ನು ಬಲವಂತವಾಗಿ ಗಂಟುಹಾಕುವುದನ್ನು ನಿಲ್ಲಿಸಬೇಕೆಂದು ಸೂಚಿಸಬೇಕಾಯಿತು. ಒಳ್ಳೆಯ ಸರಕನ್ನು ಕಟ್ಟಿಹಾಕಿ ಮಾರಬೇಕಾದ ಅಗತ್ಯವೇನಿತ್ತು ಎಂಬುದು ಯಾವ ರೈತನಿಗೂ ಹೊಳೆಯುವ ಪ್ರಶ್ನೆ. ಆದರೆ ಕೃಷಿ ವಿಜ್ಞಾನದ ಹಾದಿಯಲ್ಲಿರುವ ನನ್ನಂಥವರನ್ನು ಕಾಡುವ ಪ್ರಶ್ನೆ ಇನ್ನೂ ಒಂದು ಮೆಟ್ಟಿಲು ಕೆಳಗಿನದು. ಬಾಟಲಿಯೊಳಗೆ ಇದೆಯೆನ್ನಲಾದ ಈ ಕಣ ಎಲೆಯ ಮೇಲೆ, ಬೇರಿನ ಬುಡದಲ್ಲಿ, ಸಿಂಪಡಿಸುವವನ ಶ್ವಾಸದಲ್ಲಿ, ಒಂದು ಜೀವಂತ ಕೋಶದ ಬಾಗಿಲಿಗೆ ಬಂದು ನಿಂತಾಗ ಏನಾಗುತ್ತದೆ? ಉತ್ತರ ಒಂದೇ ಅಲ್ಲ. ಕಣದ ಗಾತ್ರ, ಅದರ ಮೈ, ಅದು ಯಾವ ವಸ್ತುವಿನದು, ಎಷ್ಟು ಪ್ರಮಾಣದಲ್ಲಿದೆ, ಯಾವ ಜೀವಿಯ ಎದುರಿಗಿದೆ ಎಂಬುದರ ಮೇಲೆ ಅದು ಔಷಧವೂ ಆಗಬಲ್ಲದು, ವಿಷವೂ ಆಗಬಲ್ಲದು, ಏನೂ ಆಗದೆಯೂ ಇರಬಲ್ಲದು. ಆದುದರಿಂದಲೇ ನಮ್ಮ ಮಣ್ಣಿನಲ್ಲಿ, ನಮ್ಮ ರಾಗಿ ಮತ್ತು ಕಡಲೆಕಾಯಿಯ ಮೇಲೆ ಪರೀಕ್ಷಿಸಿ ತೋರಿಸದೆ ಇದನ್ನು ಊರೂರಿಗೆ ಹಂಚುವುದು ನಮ್ಮ ಹೊಲಗಳನ್ನು ಪ್ರಯೋಗಾಲಯವಾಗಿಸುವ ಕೆಲಸವೆಂದು ನಾನು ಭಾವಿಸುತ್ತೇನೆ.

ಮೊದಲು ಅಳತೆಯ ಮಾತು. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರು. ಒಂದೂವರೆ ಮಿಲಿಮೀಟರಿನ ರಾಗಿಕಾಳಿನ ಅಡ್ಡಗಲ ಹದಿನೈದು ಲಕ್ಷ ನ್ಯಾನೊಮೀಟರು. ಕಡಲೆಕಾಯಿ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಾ ಸಾವಿರದಿಂದ ಎರಡು ಸಾವಿರ ನ್ಯಾನೊಮೀಟರು ಉದ್ದವಿದ್ದೀತು. ನೂರು ನ್ಯಾನೊಮೀಟರಿಗಿಂತ ಚಿಕ್ಕದಾದ ಕಣಗಳನ್ನು ವಿಜ್ಞಾನಿಗಳು ನ್ಯಾನೊಕಣಗಳೆಂದು ಕರೆಯುತ್ತಾರೆ. ಇಂತಹ ಕಣಗಳು ನಿಸರ್ಗದಲ್ಲಿ ಇಲ್ಲದಿಲ್ಲ. ಸೌದೆ ಒಲೆಯ ಹೊಗೆಯಲ್ಲಿ ಇವೆ, ಜೇಡಿಮಣ್ಣಿನಲ್ಲಿ ಇವೆ. ಹೊಸತೆಂದರೆ, ಬೇಕಾದ ಲೋಹವನ್ನು ಬೇಕಾದ ಅಳತೆಗೆ ತಯಾರಿಸಿ, ಹೊದಿಕೆ ಕೊಟ್ಟು, ದೊಡ್ಡ ಪ್ರಮಾಣದಲ್ಲಿ ಹೊಲಕ್ಕೆ ಬಿಡುವ ಸಾಮರ್ಥ್ಯ ಮನುಷ್ಯನಿಗೆ ಬಂದಿರುವುದು. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು 2007ರಲ್ಲಿಯೇ ನ್ಯಾನೊ ಮಿಷನ್ ಎಂಬ ಕಾರ್ಯಕ್ರಮ ಆರಂಭಿಸಿತು. ಬೆಂಗಳೂರು ಈ ವಿದ್ಯೆಯ ದೊಡ್ಡ ಕೇಂದ್ರಗಳಲ್ಲೊಂದಾಯಿತು. ಇದರಲ್ಲಿ ಹೆಮ್ಮೆಪಡುವಂಥದ್ದೂ ಇದೆ. ಈ ಲೇಖನ ಆ ವಿದ್ಯೆಯ ವಿರುದ್ಧದ್ದಲ್ಲ.

ಗಾತ್ರ ಚಿಕ್ಕದಾದರೆ ಗುಣ ಏಕೆ ಬದಲಾಗಬೇಕು? ಬೆಲ್ಲದ ಅಚ್ಚು ನೀರಿನಲ್ಲಿ ಕರಗಲು ಹೊತ್ತು ಹಿಡಿಯುತ್ತದೆ, ಕುಟ್ಟಿದ ಬೆಲ್ಲ ಕ್ಷಣದಲ್ಲಿ ಕರಗುತ್ತದೆ. ವಸ್ತು ಒಂದೇ, ನೀರಿಗೆ ತಾಗುವ ಮೈ ಮಾತ್ರ ಹೆಚ್ಚು. ಒಂದು ಸೆಂಟಿಮೀಟರು ಉದ್ದ, ಅಗಲ, ಎತ್ತರದ ಸತುವಿನ ತುಂಡಿನ ಮೈ ಆರು ಚದರ ಸೆಂಟಿಮೀಟರು. ಅದನ್ನೇ ಹತ್ತು ನ್ಯಾನೊಮೀಟರಿನ ತುಂಡುಗಳಾಗಿ ಕತ್ತರಿಸಿದರೆ ಒಟ್ಟು ಮೈ ಆರುನೂರು ಚದರ ಮೀಟರು, ಅಂದರೆ ಸುಮಾರು ಆರು ಗುಂಟೆ ಜಮೀನಿನಷ್ಟು. ಅಂಗೈಯಲ್ಲಿ ಹಿಡಿಯುವ ಲೋಹಕ್ಕೆ ಆರು ಗುಂಟೆಯ ಮೈ ಬಂದಾಗ ಅದು ಸುಮ್ಮನೆ ಕೂರುವುದಿಲ್ಲ. ಸುತ್ತಲಿನ ನೀರು, ಉಪ್ಪು, ಪ್ರೋಟೀನು, ಕೊಬ್ಬು ಎಲ್ಲವುದರೊಡನೆ ವ್ಯವಹಾರಕ್ಕಿಳಿಯುತ್ತದೆ.

ಇನ್ನು ಕೋಶ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನು ಹತ್ತಿದವರಿಗೆ ಬಾಗಿಲ ಮೇಲೆ ಬಾಗಿಲು ದಾಟಿದ ಅನುಭವವಿರುತ್ತದೆ. ಜೀವಕೋಶದ ರಚನೆಯೂ ಹಾಗೆಯೇ. ಪ್ರಾಣಿಯ ಕೋಶಕ್ಕೆ ಹೊರಗೆ ಇರುವುದು ಎರಡು ಪದರದ ಕೊಬ್ಬಿನ ತೆಳುಪೊರೆ. ಅದರ ದಪ್ಪ ಹತ್ತು ನ್ಯಾನೊಮೀಟರನ್ನು ಮೀರುವುದಿಲ್ಲ. ಪೊರೆಯಲ್ಲಿ ಉಪ್ಪಿಗೊಂದು, ಸಕ್ಕರೆಗೊಂದು, ಸತುವಿಗೊಂದು ಎಂಬಂತೆ ಬೇರೆ ಬೇರೆ ದ್ವಾರಗಳಿವೆ. ಕಣ ಈ ದ್ವಾರಗಳಲ್ಲಿ ತೂರುವುದಿಲ್ಲ, ಅವಕ್ಕೆ ಅದು ದೊಡ್ಡದು. ಅದರ ದಾರಿ ಬೇರೆ. ಪೊರೆಯೇ ಒಳಕ್ಕೆ ಬಾಗಿ, ಕಣವನ್ನು ಸುತ್ತುವರಿದು, ಪುಟ್ಟ ಚೀಲವಾಗಿ ಕಳಚಿಕೊಂಡು ಒಳಗೆ ಒಯ್ಯುತ್ತದೆ. ಕೋಶವು ಆಹಾರವನ್ನು ನುಂಗುವ ಸಹಜ ವಿಧಾನವಿದು. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ಚಿನ್ನದ ಕಣಗಳನ್ನು ಮಾನವ ಕೋಶಗಳಿಗೆ ಒಡ್ಡಿ ನೋಡಿದಾಗ ಸುಮಾರು ಐವತ್ತು ನ್ಯಾನೊಮೀಟರಿನ ಕಣಗಳನ್ನು ಕೋಶ ಅತಿ ಹೆಚ್ಚಾಗಿ ನುಂಗಿತು. ಅದಕ್ಕಿಂತ ಚಿಕ್ಕವನ್ನೂ ದೊಡ್ಡವನ್ನೂ ಕಡಿಮೆ ನುಂಗಿತು. ಚಿಕ್ಕದಾದಷ್ಟೂ ಸುಲಭ ಎಂಬ ನಮ್ಮ ಎಣಿಕೆ ಇಲ್ಲಿ ನಡೆಯುವುದಿಲ್ಲವೆಂಬುದನ್ನು ವಿದ್ಯಾರ್ಥಿ ಮಿತ್ರರು ಗಮನಿಸಬೇಕು.

ಇನ್ನೊಂದು ಸೂಕ್ಷ್ಮವಿದೆ. ಕಾರ್ಖಾನೆಯಿಂದ ಹೊರಟ ಕಣ ಕೋಶವನ್ನು ಮುಟ್ಟುವ ಹೊತ್ತಿಗೆ ಅದೇ ಕಣವಾಗಿ ಉಳಿದಿರುವುದಿಲ್ಲ. ರಕ್ತಕ್ಕೋ ಸಸ್ಯರಸಕ್ಕೋ ಬಿದ್ದೊಡನೆ ಅಲ್ಲಿನ ಪ್ರೋಟೀನುಗಳು ಅದರ ಮೈಗೆ ಅಂಟಿಕೊಂಡು ಹೊದಿಕೆಯಾಗುತ್ತವೆ. ಕೋಶವು ಗುರುತಿಸುವುದು ಆ ಹೊದಿಕೆಯನ್ನು. ಮಣ್ಣಿನಲ್ಲಿಯೂ ಹೀಗೆಯೇ, ಕೊಟ್ಟಿಗೆ ಗೊಬ್ಬರದ ಅಂಶ ಹೆಚ್ಚಿರುವ ಹೊಲದಲ್ಲಿ ಕಣಕ್ಕೆ ಒಂದು ಉಡುಪು, ಬರಿಯ ಕೆಂಪು ಮರಳುಮಣ್ಣಿನಲ್ಲಿ ಇನ್ನೊಂದು. ಒಂದು ಊರಿನ ಪ್ರಯೋಗದ ಫಲವನ್ನು ಇನ್ನೊಂದು ಊರಿಗೆ ಹಾಗೆಯೇ ಹೊತ್ತು ತರಲಾಗದೆಂಬುದಕ್ಕೆ ಇದೇ ಕಾರಣ.

ಒಳಹೊಕ್ಕ ಕಣದ ಚೀಲ ಕೋಶದ ಜೀರ್ಣಕೋಣೆಯನ್ನು ಸೇರುತ್ತದೆ. ಆ ಕೋಣೆ ಹುಳಿಯಾದದ್ದು. ಸತುವಿನ ಆಕ್ಸೈಡಿನಂತಹ ಕಣ ಅಲ್ಲಿ ಕರಗಿ ಸತುವಿನ ಅಯಾನುಗಳನ್ನು ಒಮ್ಮೆಲೇ ಬಿಡುತ್ತದೆ. ದ್ವಾರದಲ್ಲಿ ಎಣಿಸಿ ಎಣಿಸಿ ಒಳಬಿಡುತ್ತಿದ್ದ ವಸ್ತು ಹಿತ್ತಿಲ ಬಾಗಿಲಿನಿಂದ ಮೂಟೆಗಟ್ಟಲೆ ಬಂದು ಬಿದ್ದಂತೆ. ಕರಗದ ಕಣಗಳು ಬೇರೆ ಬಗೆಯ ತೊಂದರೆ ಕೊಡುತ್ತವೆ. ಅವುಗಳ ಕ್ರಿಯಾಶೀಲ ಮೈಯಿಂದಾಗಿ ಕೋಶದೊಳಗೆ ಉಗ್ರ ಆಮ್ಲಜನಕ ರೂಪಗಳು ಹುಟ್ಟಿ ಪೊರೆಯ ಕೊಬ್ಬನ್ನು ಕಮಟಾಗಿಸುತ್ತವೆ, ಪ್ರೋಟೀನನ್ನು ಕೆಡಿಸುತ್ತವೆ, ವಂಶವಾಹಿಯ ಎಳೆಗೂ ತಾಗುತ್ತವೆ. ಅಲ್ಪಸ್ವಲ್ಪವಾದರೆ ಕೋಶ ತಾಳಿಕೊಂಡು ರಿಪೇರಿ ಮಾಡಿಕೊಳ್ಳುತ್ತದೆ. ಮಿತಿ ಮೀರಿದರೆ ಸಾಯುತ್ತದೆ.

ನುಂಗಿ ಅರಗಿಸಲಾಗದ ಕಣ ಏನು ಮಾಡಬಲ್ಲದೆಂಬುದನ್ನು ತಿಳಿಯಲು ನಾವು ನ್ಯಾನೊವರೆಗೆ ಹೋಗಬೇಕಾಗಿಯೂ ಇಲ್ಲ. ಕಲ್ಲುಗಣಿ ಮತ್ತು ಜಲ್ಲಿ ಕ್ರಷರುಗಳ ದೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ನ್ಯಾನೊಕಣಕ್ಕಿಂತ ಎಷ್ಟೋ ಪಟ್ಟು ದೊಡ್ಡವು. ಶ್ವಾಸಕೋಶದ ಕಾವಲು ಕೋಶಗಳು ಅವನ್ನು ನುಂಗುತ್ತವೆ, ಅರಗಿಸಲಾರದೆ ಸಾಯುತ್ತವೆ, ಸತ್ತ ಕೋಶದಿಂದ ಹೊರಬಿದ್ದ ಅದೇ ಕಣವನ್ನು ಮತ್ತೊಂದು ಕೋಶ ನುಂಗುತ್ತದೆ. ವರ್ಷಗಳ ಕಾಲ ಹೀಗೆ ನಡೆದು ಶ್ವಾಸಕೋಶ ಗಾಯದ ಕಲೆಗಟ್ಟಿ ಗಡುಸಾಗುತ್ತದೆ. ಸಿಲಿಕೋಸಿಸ್ ಎಂಬ ಈ ರೋಗಕ್ಕೆ ಗುಣಪಡಿಸುವ ಚಿಕಿತ್ಸೆಯಿಲ್ಲ. ಕಲ್ಲು ವಿಷವಲ್ಲವೆಂದು ವಾದಿಸುವವರಿಗೆ ಇದಕ್ಕಿಂತ ಉತ್ತರ ಬೇಡ. ಗಾತ್ರ ಮತ್ತು ಮೈ ಎರಡೂ ಸೇರಿ ನಿರ್ವಿಷ ವಸ್ತುವನ್ನೂ ಮಾರಕವಾಗಿಸಬಲ್ಲವು.

ಗಿಡದ ಕಥೆ ಪ್ರಾಣಿಗಿಂತ ಭಿನ್ನ. ಗಿಡದ ಕೋಶಕ್ಕೆ ಪೊರೆಯ ಹೊರಗೆ ನಾರಿನ ಗೋಡೆಯೊಂದಿದೆ. ಅದರ ರಂಧ್ರಗಳು ಸಾಮಾನ್ಯವಾಗಿ ಐದರಿಂದ ಇಪ್ಪತ್ತು ನ್ಯಾನೊಮೀಟರಿನವು. ಎಲೆಯ ಮೇಲೆ ಮೇಣದ ಲೇಪ ಬೇರೆ. ನ್ಯಾನೊ ಯೂರಿಯಾದ ಕಣ 20ರಿಂದ 50 ನ್ಯಾನೊಮೀಟರು ಎಂದು ತಯಾರಕರೇ ಹೇಳುತ್ತಾರೆ. ಅದು ಪತ್ರರಂಧ್ರದಲ್ಲಿ ತೂರಬಹುದು, ಪತ್ರರಂಧ್ರ ಸಾವಿರಾರು ನ್ಯಾನೊಮೀಟರು ಅಗಲವಿದೆ. ಆದರೆ ಅಲ್ಲಿಂದ ಮುಂದೆ ಕೋಶದ ಗೋಡೆಯೆದುರು ನಿಲ್ಲಲೇಬೇಕು. ಅಲ್ಲದೆ ಬಿಸಿಲೇರಿದ ಮೇಲೆ ನಮ್ಮ ಬಯಲುಸೀಮೆಯ ಗಿಡಗಳು ನೀರುಳಿಸಿಕೊಳ್ಳಲು ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ.

ಇದಕ್ಕಿಂತ ಮೂಲಭೂತವಾದ ಸಂದೇಹವೊಂದಿದೆ. ಯೂರಿಯಾ ನೀರಿನಲ್ಲಿ ಅತಿ ಸುಲಭವಾಗಿ ಕರಗುವ ವಸ್ತು; ಒಂದು ಲೀಟರು ನೀರಿನಲ್ಲಿ ಒಂದು ಕಿಲೊ ಯೂರಿಯಾ ಕರಗುತ್ತದೆ. ಕರಗಿದ ಉಪ್ಪಿಗೆ ಹರಳಿನ ಗಾತ್ರವೆಲ್ಲಿದೆ? ವಿಶೇಷ ಹೊದಿಕೆಯಿಲ್ಲದೆ ನೀರಿನಲ್ಲಿ ಯೂರಿಯಾದ ಕಣವೆಂಬುದು ಉಳಿಯುವುದೇ ಕಷ್ಟ. ಕರಗಿದ ಯೂರಿಯಾವನ್ನು ಒಳಕ್ಕೆ ತೆಗೆದುಕೊಳ್ಳಲು ಗಿಡದ ಕೋಶಪೊರೆಯಲ್ಲಿ ಈಗಾಗಲೇ ದ್ವಾರಗಳಿವೆ, ಅದಕ್ಕೆ ನ್ಯಾನೊ ಬೇಕಿಲ್ಲ. ನಮ್ಮ ಹಿರಿಯರು ಮೂಟೆ ಯೂರಿಯಾವನ್ನೇ ಶೇಕಡಾ ಎರಡರಂತೆ ನೀರಿಗೆ ಹಾಕಿ ಎಲೆಗೆ ಸಿಂಪಡಿಸುತ್ತಿದ್ದದ್ದು ಈ ದ್ವಾರಗಳ ಬಲದಿಂದಲೇ.

ಈಗ ಲೆಕ್ಕ ಮಾಡೋಣ. ಮೂಟೆ 45 ಕಿಲೊ, ಅದರಲ್ಲಿ ಸಾರಜನಕ ಶೇಕಡಾ 46, ಅಂದರೆ 20 ಕಿಲೊ 700 ಗ್ರಾಂ. 2021ರಲ್ಲಿ ಇಫ್ಕೊ ಮಾರುಕಟ್ಟೆಗೆ ತಂದ ಬಾಟಲಿ 500 ಮಿಲಿ, ಅದರಲ್ಲಿ ಸಾರಜನಕ ಶೇಕಡಾ 4, ಅಂದರೆ 20 ಗ್ರಾಂ. ಒಂದು ಬಾಟಲಿ ಒಂದು ಮೂಟೆಗೆ ಸಮವೆಂದು ಪ್ರಚಾರವಾಯಿತು. ಕಿಲೊವಿಗೂ ಗ್ರಾಮಿಗೂ ಇರುವ ಅಂತರವನ್ನು ನಾಲ್ಕನೆಯ ತರಗತಿಯ ಮಗು ಬಲ್ಲದು. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೊ, ಎಕರೆಗೆ 20 ಕಿಲೊ ಸಾರಜನಕದ ಶಿಫಾರಸಿದೆ. ಎಕರೆಗೆ ಹತ್ತು ಕ್ವಿಂಟಾಲು ರಾಗಿ ಬಂದರೆ, ಕಾಳಿನಲ್ಲಿ ಶೇಕಡಾ 7 ಪ್ರೋಟೀನು ಇದೆಯೆಂದು ಹಿಡಿದರೆ, ಕಾಳೊಂದರಲ್ಲೇ ಸುಮಾರು 11 ಕಿಲೊ ಸಾರಜನಕ ಹೊಲ ಬಿಟ್ಟು ಹೋಗುತ್ತದೆ. ಹುಲ್ಲಿನ ಲೆಕ್ಕ ಬೇರೆ. ಬಾಟಲಿಯ 20 ಗ್ರಾಂ ಪೂರ್ತಿ ಕಾಳಿಗೇ ಸೇರಿದರೂ ಅದರಿಂದ ಆಗುವುದು 125 ಗ್ರಾಂ ಪ್ರೋಟೀನು. ಅನಂತರ ಶೇಕಡಾ 20 ಸಾರಜನಕದ ಬಾಟಲಿಯೂ ಬಂದಿತು. ಅದರಲ್ಲೂ ಅರ್ಧ ಲೀಟರಿಗೆ ನೂರು ಗ್ರಾಂ ಮಾತ್ರ. ಉಳಿದ ಸಾರಜನಕವನ್ನು ಗಿಡ ಎಲ್ಲಿಂದ ತಂದೀತು? ಮಣ್ಣಿನ ಗಂಟಿನಿಂದ. ಈ ವರ್ಷ ತಂದೀತು, ಮರುವರ್ಷವೂ ತಂದೀತು. ಗಂಟು ಕರಗಿದ ಮೇಲೆ?

ತಯಾರಕರ ಪಕ್ಷದ ಮಾತನ್ನೂ ಹೇಳಬೇಕು. ಸಾವಿರಾರು ರೈತರ ಹೊಲಗಳಲ್ಲಿ ನಡೆಸಿದ ಪ್ರಾತ್ಯಕ್ಷಿಕೆಗಳಲ್ಲಿ ಸರಾಸರಿ ಶೇಕಡಾ 8ರಷ್ಟು ಇಳುವರಿ ಹೆಚ್ಚಿತೆಂದು ಇಫ್ಕೊ ಹೇಳಿದೆ. ಆದರೆ ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಎರಡು ವರ್ಷ ಭತ್ತ ಮತ್ತು ಗೋಧಿಯಲ್ಲಿ ನಡೆಸಿದ ಪ್ರಯೋಗದಲ್ಲಿ, ಶಿಫಾರಸಿನಂತೆ ಸಾರಜನಕ ಪಡೆದ ತಾಕುಗಳಿಗೆ ಹೋಲಿಸಿದರೆ ನ್ಯಾನೊ ಯೂರಿಯಾದ ತಾಕುಗಳಲ್ಲಿ ಗೋಧಿಯ ಇಳುವರಿ ಶೇಕಡಾ 21.6ರಷ್ಟೂ ಭತ್ತದ್ದು ಶೇಕಡಾ 13ರಷ್ಟೂ ಕಡಿಮೆಯಾಯಿತು. ಕಾಳಿನಲ್ಲಿಯ ಸಾರಜನಕವೂ ಇಳಿಯಿತು. 2023ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಮ್ಯಾಕ್ಸ್ ಫ್ರಾಂಕ್ ಮತ್ತು ಸೋರೆನ್ ಹುಸ್ಟೆಡ್ ಎಂಬ ಸಸ್ಯಪೋಷಣೆಯ ವಿಜ್ಞಾನಿಗಳು 'ಪ್ಲಾಂಟ್ ಅಂಡ್ ಸಾಯಿಲ್' ಪತ್ರಿಕೆಯಲ್ಲಿ ಬರೆದು, ಈ ಉತ್ಪನ್ನದ ಹಕ್ಕುಗಳಿಗೆ ವೈಜ್ಞಾನಿಕ ಆಧಾರ ಸಾಲದೆಂದು ಬಹಿರಂಗವಾಗಿ ಪ್ರಶ್ನಿಸಿದರು. ಯೂರಿಯಾದ ಬಾಟಲಿಯ ವಿಷಯದಲ್ಲಿ ನನ್ನ ತೀರ್ಮಾನ ಇಷ್ಟೇ: ಇದರಿಂದ ಕೋಶಕ್ಕೆ ವಿಷವಾದೀತೆಂಬ ಭಯಕ್ಕಿಂತ ಗಿಡಕ್ಕೆ ಊಟ ಸಾಲದೆಂಬ ಭಯವೇ ದೊಡ್ಡದು. ಎರಡು ಹದ ಮಳೆಯನ್ನು ನೆಚ್ಚಿ ಬಿತ್ತುವ ನಮ್ಮ ಸಣ್ಣ ಹಿಡುವಳಿದಾರನಿಗೆ ಅದೇನು ಸಣ್ಣ ಭಯವಲ್ಲ.

ಸತು ಮತ್ತು ತಾಮ್ರದ ಬಾಟಲಿಗಳನ್ನು ಇದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಅಲ್ಲಿ ಕಣವು ನಿಜಕ್ಕೂ ಕಣವಾಗಿ ಉಳಿಯಬಲ್ಲದು, ಅಲ್ಪ ಪ್ರಮಾಣದಲ್ಲೇ ಕೆಲಸವನ್ನೂ ಮಾಡಬಲ್ಲದು. ನಮ್ಮ ಮಣ್ಣಿಗೆ ಸತುವಿನ ಕೊರತೆ ಇರುವುದು ಸುಳ್ಳಲ್ಲ. 2009ರಲ್ಲಿ ಆರಂಭವಾದ ಭೂಚೇತನ ಯೋಜನೆಯ ಮೊದಲ ಜಿಲ್ಲೆಗಳಲ್ಲಿ ತುಮಕೂರೂ ಒಂದು. ಗಂಧಕ, ಸತು, ಬೋರಾನುಗಳ ಕೊರತೆಯ ಮಾತು ರೈತರ ಕಿವಿಗೆ ಬಿದ್ದದ್ದು ಆಗಲೇ. ಪಾವಗಡದ ಗಡಿಯಾಚೆ, ರಾಯಲಸೀಮೆಯ ತಿರುಪತಿಯ ಕೃಷಿ ಸಂಶೋಧನಾ ಕೇಂದ್ರದ ಪ್ರಸಾದ್ ಮತ್ತು ಸಂಗಡಿಗರು ಕಡಲೆಕಾಯಿಯ ಮೇಲೆಯೇ ಸತುವಿನ ಆಕ್ಸೈಡಿನ ನ್ಯಾನೊಕಣಗಳನ್ನು ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಹತ್ತು ಲಕ್ಷಕ್ಕೆ ಸಾವಿರ ಪಾಲು ಇದ್ದಾಗ ಮೊಳಕೆ ಚುರುಕಾಯಿತು, ಬೇರು ಬೆಳೆಯಿತು, ಕಾಯಿಯೂ ಹೆಚ್ಚಿತು. ಎರಡು ಸಾವಿರ ಪಾಲಿಗೇರಿಸಿದಾಗ ಬೆಳವಣಿಗೆ ಕುಂಠಿತವಾಯಿತು. ಲಾಭಕ್ಕೂ ನಷ್ಟಕ್ಕೂ ನಡುವೆ ಇದ್ದದ್ದು ಎರಡು ಪಟ್ಟಿನ ಅಂತರ. ಬೆನ್ನಿಗೆ ಹೊರುವ ಪಂಪಿಗೆ ಬಾಟಲಿಯ ಮುಚ್ಚಳದಲ್ಲಿ ಅಳೆದು ಸುರಿಯುವ, 'ರೋಗ ಜಾಸ್ತಿ ಇದೆ, ಇನ್ನೊಂದು ಮುಚ್ಚಳ ಹಾಕು' ಎನ್ನುವ ನಮ್ಮ ರೂಢಿಯಲ್ಲಿ ಎರಡು ಪಟ್ಟು ಎಂಬುದು ಎಷ್ಟು ಸುಲಭವಾಗಿ ದಾಟುವ ಗೆರೆಯೆಂದು ಬೇರೆ ಹೇಳಬೇಕಿಲ್ಲ.

ತಾಮ್ರದ್ದು ಇನ್ನೂ ಕುತೂಹಲಕರ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ದಾಳಿಂಬೆ ಹಾಕಿದವರಿಗೆ ದುಂಡಾಣು ಅಂಗಮಾರಿ ಎಂದರೆ ನಿದ್ದೆ ಹಾರುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಮಂಡಲ್ ಮತ್ತು ಮಣಿ ಎಂಬ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ರೋಗದ ಬ್ಯಾಕ್ಟೀರಿಯಾವನ್ನು ತಾಮ್ರದ ನ್ಯಾನೊಕಣಗಳು ಹತ್ತು ಲಕ್ಷಕ್ಕೆ 0.2 ಪಾಲಿನಷ್ಟು ಅತ್ಯಲ್ಪ ಪ್ರಮಾಣದಲ್ಲೇ ಅಡಗಿಸಿದವು. ನಾವು ಸಿಂಪಡಿಸುವ ಕಾಪರ್ ಆಕ್ಸಿಕ್ಲೋರೈಡಿನ ಪ್ರಮಾಣಕ್ಕೆ ಹೋಲಿಸಿದರೆ ಇದು ಹತ್ತು ಸಾವಿರ ಪಟ್ಟು ಕಡಿಮೆ. ಇಷ್ಟು ತಾಮ್ರ ನೆಲಕ್ಕೆ ಬೀಳುವುದು ತಪ್ಪಿದರೆ ಪರಿಸರವಾದಿಗಳಾದ ನಾವೇ ಮೊದಲು ಸಂತೋಷಪಡಬೇಕು. ಆದರೆ ಕಣ ಬ್ಯಾಕ್ಟೀರಿಯಾವನ್ನು ಕೊಲ್ಲುವ ಬಗೆಯನ್ನು ನೋಡಿ. ಅದು ಕೋಶದ ಪೊರೆಗೆ ಅಂಟುತ್ತದೆ, ಪೊರೆಯನ್ನು ತೂತು ಮಾಡುತ್ತದೆ, ಅಯಾನು ಬಿಟ್ಟು ಒಳಗಿನ ಕಿಣ್ವಗಳನ್ನು ಕಟ್ಟಿಹಾಕುತ್ತದೆ. 2009ರಲ್ಲಿ ಮಾರುಕಟ್ಟೆಗೆ ಬಂದ ಅಗ್ಗದ ನೀರಿನ ಫಿಲ್ಟರೊಂದರಲ್ಲಿ ಭತ್ತದ ಹೊಟ್ಟಿನ ಬೂದಿಯ ಮೇಲೆ ಬೆಳ್ಳಿಯ ನ್ಯಾನೊಕಣಗಳನ್ನು ಕೂರಿಸಿದ್ದೂ ಕ್ರಿಮಿಗಳನ್ನು ಇದೇ ರೀತಿ ಕೊಲ್ಲಲು. ಫಿಲ್ಟರಿನೊಳಗೆ ಕೊಲ್ಲಬೇಕಾದದ್ದು ಯಾವುದೆಂದು ಗೊತ್ತು. ಹೊಲದಲ್ಲಿ ಈ ಕಣಕ್ಕೆ ಅಂಗಮಾರಿಯ ಬ್ಯಾಕ್ಟೀರಿಯಾ ಯಾವುದು, ಬೇರುಗಂಟಿನ ಬ್ಯಾಕ್ಟೀರಿಯಾ ಯಾವುದು ಎಂಬ ಭೇದ ತಿಳಿಯುವುದಿಲ್ಲ.

ಬೇರುಗಂಟಿನ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕೆಂಪು ಮಣ್ಣಿನ ಒಣಬೇಸಾಯ ಇಷ್ಟು ಕಾಲ ಬದುಕಿರುವುದರಲ್ಲಿ ಈ ಗಂಟುಗಳ ಪಾಲು ದೊಡ್ಡದು. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಬ್ಯಾಕ್ಟೀರಿಯಾ ಅಲ್ಲಿವೆ. ಹೆಕ್ಟೇರಿಗೆ ಹತ್ತಾರು ಕಿಲೊ ಸಾರಜನಕವನ್ನು ಅವು ಬಿಟ್ಟಿಯಾಗಿ ತರುತ್ತವೆ. ಕಡಲೆಕಾಯಿಗೆ ಹೆಕ್ಟೇರಿಗೆ ಕೇವಲ 25 ಕಿಲೊ ಸಾರಜನಕ ಸಾಕೆಂಬ ಶಿಫಾರಸು ನಿಂತಿರುವುದೇ ಈ ಗಂಟುಗಳ ನಂಬಿಕೆಯ ಮೇಲೆ. ಹೆಚ್ಚಿನ ದ್ವಿದಳ ಗಿಡಗಳಲ್ಲಿ ಈ ಬ್ಯಾಕ್ಟೀರಿಯಾ ಬೇರುಕೂದಲಿನ ತುದಿಯಿಂದ ಒಳಹೋಗುತ್ತದೆ. ಕಡಲೆಕಾಯಿಯಲ್ಲಿ ಹಾಗಲ್ಲ. ಪಕ್ಕದ ಬೇರು ತಾಯಿಬೇರಿನ ತೊಗಟೆಯನ್ನು ಒಡೆದು ಹೊರಬರುವಾಗ ಉಂಟಾಗುವ ಬಿರುಕಿನಲ್ಲಿ ಅದು ನುಸುಳುತ್ತದೆ. ಮಣ್ಣಿನಲ್ಲಿರುವ ನ್ಯಾನೊಕಣಗಳಿಗೂ ಬೇರಿನೊಳಕ್ಕೆ ಹೋಗುವ ದಾರಿಗಳಲ್ಲೊಂದು ಇದೇ ಬಿರುಕು. ಗೋಡೆಯ ರಂಧ್ರದಲ್ಲಿ ತೂರಲಾಗದ್ದು ಬಿರುಕಿನಲ್ಲಿ ತೂರಬಲ್ಲದು. ಮಿತ್ರನಿಗೆಂದು ತೆರೆದ ಬಾಗಿಲಿನಲ್ಲಿಯೇ ಅಪರಿಚಿತನೂ ಕಾಲಿಡುವಂತಾದರೆ ಗಂಟಿನ ಗತಿಯೇನು?

ಇದು ಬರಿಯ ಊಹೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಕೇಂದ್ರದ ವಿಜ್ಞಾನಿಗಳು ನ್ಯಾನೊಕಣಗಳನ್ನು ಬೆರೆಸಿದ ಮಣ್ಣಿನಲ್ಲಿ ಸೋಯಾ ಅವರೆಯನ್ನು ಬೆಳೆದು 2012ರಲ್ಲಿ ವರದಿ ಮಾಡಿದರು. ಸೀರಿಯಂ ಆಕ್ಸೈಡಿನ ಪ್ರಮಾಣ ಹೆಚ್ಚಿದಾಗ ಗಂಟುಗಳಲ್ಲಿ ಸಾರಜನಕ ಹಿಡಿಯುವ ಕೆಲಸವೇ ನಿಂತಂತಾಯಿತು. ಸತುವಿನ ಆಕ್ಸೈಡು ಬೆರೆಸಿದಲ್ಲಿ ಗಿಡ ಚೆನ್ನಾಗಿಯೇ ಕಂಡಿತು, ಆದರೆ ಸತು ಎಲೆಯಲ್ಲಿಯೂ ಕಾಳಿನಲ್ಲಿಯೂ ಸಂಗ್ರಹವಾಯಿತು. ಸೋಯಾ ಕಡಲೆಕಾಯಿಯಲ್ಲ, ಕ್ಯಾಲಿಫೋರ್ನಿಯಾ ಪಾವಗಡವಲ್ಲ, ಅಲ್ಲಿ ಬೆರೆಸಿದ ಪ್ರಮಾಣ ಒಂದು ಸಿಂಪಡಣೆಯದಲ್ಲ. ಇದೆಲ್ಲ ನಿಜ. ಹಾಗಾದರೆ ಕಡಲೆಕಾಯಿಯಲ್ಲಿ, ಪಾವಗಡದ ಮಣ್ಣಿನಲ್ಲಿ, ವರ್ಷಕ್ಕೆ ಎರಡು ಸಲದಂತೆ ಹತ್ತು ವರ್ಷ ಸಿಂಪಡಿಸಿದರೆ ಏನಾಗುತ್ತದೆಂಬ ಪ್ರಯೋಗವನ್ನು ಮಾರುವ ಮೊದಲು ಮಾಡಿ ತೋರಿಸಲಿ ಎಂದು ಕೇಳುವುದು ಅತಿಯಾಯಿತೇ? ಸೇಂದ್ರಿಯ ಅಂಶ ಕಡಿಮೆಯಿರುವ ನಮ್ಮ ಮರಳುಮಿಶ್ರಿತ ನೆಲದಲ್ಲಿ ಲೋಹವನ್ನು ಹಿಡಿದಿಡುವ ಶಕ್ತಿ ಕಡಿಮೆ. ಹೊಲದಿಂದ ಹರಿದ ನೀರು ಕೆರೆಗೆ ಸೇರುತ್ತದೆ, ಜಯಮಂಗಲಿಗೆ ಸೇರುತ್ತದೆ. ಕೆರೆಯ ನೀರಿನಲ್ಲಿ ತೇಲುವ ಬರಿಗಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳಿಗೆ ಸತು, ತಾಮ್ರ, ಬೆಳ್ಳಿಯ ಕಣಗಳು ಮಾರಕವೆಂಬುದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಅವನ್ನು ತಿನ್ನುವ ಮೀನು, ಮೀನನ್ನು ತಿನ್ನುವ ಕಗ್ಗಲಡುವಿನ ಕೊಕ್ಕರೆ ಎಂದು ಸರಪಣಿ ಮುಂದುವರಿಯುತ್ತದೆ.

ಇಂತಹ ಪ್ರಶ್ನೆ ಎತ್ತಿದೊಡನೆ 'ವಿಜ್ಞಾನ ವಿರೋಧಿ' ಎಂಬ ಬಿರುದು ಸಿದ್ಧವಾಗಿರುತ್ತದೆ. ನಮ್ಮ ಸಭೆಗಳಲ್ಲಿ ಇದನ್ನು ನಾನೂ ಕೇಳಿದ್ದೇನೆ. ಸಿಹಿತಿಂಡಿ ಮತ್ತು ಮಾತ್ರೆಗಳಿಗೆ ಬಿಳಿ ಬಣ್ಣ ಕೊಡುವ ಟೈಟಾನಿಯಂ ಡೈಆಕ್ಸೈಡನ್ನು ಜಗತ್ತು ದಶಕಗಳ ಕಾಲ ನಿರಪಾಯವೆಂದು ತಿಂದಿತು. ಅದರಲ್ಲಿ ನ್ಯಾನೊಗಾತ್ರದ ಕಣಗಳೂ ಇವೆ, ವಂಶವಾಹಿಗೆ ಹಾನಿಯಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದೆಂದು ಐರೋಪ್ಯ ಆಹಾರ ಸುರಕ್ಷತಾ ಸಂಸ್ಥೆ 2021ರಲ್ಲಿ ಹೇಳಿತು. 2022ರಲ್ಲಿ ಐರೋಪ್ಯ ಒಕ್ಕೂಟ ಆಹಾರದಲ್ಲಿ ಅದನ್ನು ನಿಷೇಧಿಸಿತು. ನಿಷೇಧಿಸಿದವರು ವಿಜ್ಞಾನ ವಿರೋಧಿಗಳಾಗಿರಲಿಲ್ಲ. ನಮ್ಮ ದೇಶದಲ್ಲಿಯೂ ಕೃಷಿ ಮತ್ತು ಆಹಾರದ ನ್ಯಾನೊ ಉತ್ಪನ್ನಗಳನ್ನು ಪರಿಶೀಲಿಸುವ ಮಾರ್ಗಸೂಚಿಯನ್ನು ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಹೊರಡಿಸಿದೆ. 2021ರ ಫೆಬ್ರವರಿಯಲ್ಲಿ ನ್ಯಾನೊ ಯೂರಿಯಾಕ್ಕೆ ಒಪ್ಪಿಗೆ ದೊರೆಯಿತು. ಮಾರ್ಗಸೂಚಿಗೂ ಒಪ್ಪಿಗೆಗೂ ನಡುವೆ ಒಂದು ವರ್ಷವೂ ಇಲ್ಲ. ಒಂದು ರಾಗಿ ಬೆಳೆಯ ಕಾಲವನ್ನು ಹಿಡಿಸಬಹುದೇನೋ, ಮೂರನ್ನಲ್ಲ.

ಆದುದರಿಂದ ನಾವು ಕೇಳಬೇಕಾದದ್ದು ಸ್ಪಷ್ಟವಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ ನಮ್ಮ ನಾಲ್ಕು ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ, ಮಾರುವವರ ಹಣದ ಹಂಗಿಲ್ಲದೆ, ಕನಿಷ್ಠ ಮೂರು ಮುಂಗಾರು ಈ ಬಾಟಲಿಗಳನ್ನು ಪರೀಕ್ಷಿಸಬೇಕು. ಇಳುವರಿಯೊಂದನ್ನೇ ತೂಗಿ ಮುಗಿಸದೆ ಬೇರುಗಂಟು, ಮಣ್ಣಿನ ಸೂಕ್ಷ್ಮಜೀವಿ, ಕಾಳಿನಲ್ಲಿಯ ಲೋಹ ಇವನ್ನೂ ಅಳೆಯಬೇಕು. ಫಲಿತಾಂಶ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಕನ್ನಡದಲ್ಲಿ ಅಚ್ಚಾಗಿ ಗ್ರಾಮ ಪಂಚಾಯಿತಿಯ ಗೋಡೆಗೆ ಬರಬೇಕು. ಬಾಟಲಿಯ ಮೇಲೆ ಕಣ ಯಾವ ವಸ್ತುವಿನದು, ಅದರ ಹೊದಿಕೆ ಯಾವುದು, ಎಷ್ಟು ದಿನ ಕಣವಾಗಿ ಉಳಿಯುತ್ತದೆ ಎಂಬುದು ಕನ್ನಡದಲ್ಲಿ ಇರಬೇಕು. ಮೂಟೆಗೆ ಬಾಟಲಿ ಗಂಟುಹಾಕುವವರ ಮೇಲೆ ರೈತ ದೂರು ಕೊಟ್ಟರೆ ಮರುದಿನ ಅದೇ ಅಂಗಡಿಯಲ್ಲಿ ಅವನಿಗೆ ಗೊಬ್ಬರ ನಿಲ್ಲದಂತೆ ತಾಲ್ಲೂಕು ಕೃಷಿ ಅಧಿಕಾರಿ ನೋಡಿಕೊಳ್ಳಬೇಕು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಕೈಗೆ ಡ್ರೋನು ಕೊಟ್ಟು ಇವನ್ನು ಸಿಂಪಡಿಸುವ ಯೋಜನೆ 2023ರಲ್ಲಿ ಮಂಜೂರಾಗಿದೆ. ಬೆನ್ನಿನ ಪಂಪಿನ ಹನಿ ದಪ್ಪ, ಬೇಗ ನೆಲಕ್ಕಿಳಿಯುತ್ತದೆ. ಡ್ರೋನಿನ ಮಂಜು ಸಣ್ಣದು, ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅದನ್ನು ನಡೆಸುವ ತಂಗಿಯರಿಗೆ ಮುಖಗವಸು, ಕೈಗವಸು, ಗಾಳಿಯ ದಿಕ್ಕಿನ ತರಬೇತಿ ಇವು ಡ್ರೋನಿನೊಂದಿಗೇ ಬರಬೇಕು.

ಈ ಮುಂಗಾರಿನಲ್ಲಿ ನಾವೇ ಮಾಡಬಹುದಾದ ಕೆಲಸವೊಂದಿದೆ. ಬಾಟಲಿ ಈಗಾಗಲೇ ಮನೆಗೆ ಬಂದಿದ್ದರೆ ಇಡೀ ಹೊಲಕ್ಕೆ ಹೊಡೆಯಬೇಡಿ. ಒಂದೇ ಬಗೆಯ ಮಣ್ಣಿರುವ ಕಡೆ ಹತ್ತು ಸಾಲಿಗೆ ಸಿಂಪಡಿಸಿ, ನಡುವೆ ನಾಲ್ಕು ಸಾಲು ಬಿಟ್ಟು, ಮುಂದಿನ ಹತ್ತು ಸಾಲಿಗೆ ಬರಿಯ ನೀರನ್ನು ಸಿಂಪಡಿಸಿ. ಎರಡಕ್ಕೂ ಉಳಿದ ಗೊಬ್ಬರ, ಕಳೆ, ಕುಂಟೆ ಸಮನಾಗಿರಲಿ. ಬಿತ್ತಿದ 45 ದಿನಕ್ಕೆ ಎರಡೂ ಕಡೆಯಿಂದ ಹತ್ತತ್ತು ಕಡಲೆಕಾಯಿ ಗಿಡಗಳನ್ನು ಹಸಿ ಇರುವಾಗ ಗುದ್ದಲಿಯಿಂದ ಮಣ್ಣುಸಹಿತ ಎಬ್ಬಿಸಿ, ಬಕೆಟಿನ ನೀರಿನಲ್ಲಿ ಬೇರು ತೊಳೆದು, ಗಂಟುಗಳನ್ನು ಎಣಿಸಿ. ಪ್ರತಿ ಗಿಡದ ಹತ್ತು ಗಂಟುಗಳನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣವಿದ್ದರೆ ಅದು ಸಾರಜನಕ ಹಿಡಿಯುತ್ತಿದೆ. ಬೂದು ಅಥವಾ ಹಸಿರಾಗಿದ್ದರೆ ಕೆಲಸ ನಿಂತಿದೆ. ಪ್ರೌಢಶಾಲೆಯ ಮಕ್ಕಳು ಅರ್ಧ ದಿನದಲ್ಲಿ ಮಾಡಬಹುದಾದ ಪರೀಕ್ಷೆಯಿದು. ಊರಿನ ಹೆಸರು, ಮಣ್ಣಿನ ಬಗೆ, ಸಿಂಪಡಿಸಿದ ದಿನ, ಬಾಟಲಿಯ ಹೆಸರು, ಎರಡೂ ಕಡೆಯ ಎಣಿಕೆ ಇವನ್ನು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸಿದರೆ ಹಿಂಗಾರಿನ ಸಂಚಿಕೆಯಲ್ಲಿ ತಾಲ್ಲೂಕುವಾರು ಪಟ್ಟಿ ಮಾಡಿ ಪ್ರಕಟಿಸುತ್ತೇವೆ. ಹತ್ತು ಊರಿನ ಕಾರ್ಡುಗಳು ಬಂದರೆ ಹಿರೇಹಳ್ಳಿಗೆ ಬರಿಗೈಯಲ್ಲಿ ಹೋಗಬೇಕಾಗಿಲ್ಲ.